ಗುಲ್ಮ ದೊಡ್ಡದಾದ ಸುದ್ದಿ

ಕಾಸಾರಶಿರಸಿ, ತಾ. ನಿಲಂಗಾ
ಸೋಮವಾರ, ೨೪ ನವೆಂಬರ್ ೨೦೨೫

ನನ್ನ ಮುದ್ದಿನ ಮಗಳೇ ಸ್ನೇಹಲಾ,

ಹೇಗಿದ್ದೀ ತಂಗಿ? ಪುಣೆಯಲ್ಲಿ ಚಳಿ ಬಿದ್ದಿದೆಯಂತೆ, ಸ್ವೆಟರ್ ಹಾಕಿಕೊಳ್ಳುತ್ತೀಯೋ ಇಲ್ಲವೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಲ್ಯಾಬಿನ ಇಲಿಗಳಿಗೆ ಉಣಿಸಿ ನೀನು ಚಹಾದ ಮೇಲೆಯೇ ದಿನ ದೂಡುತ್ತೀಯೋ? ದೀಪಾವಳಿಗೆ ಬಂದಾಗ ನಿನ್ನ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಅವ್ವ ಸೊರಗಿದ್ದಾಳೆಂದು ಮಗಳೂ ಸೊರಗಬೇಕೆಂದೇನಿಲ್ಲ. ಫೋನಿನಲ್ಲಿ ನಾಲ್ಕು ಮಾತಾಡಿದರೆ ನನಗೆ ದಮ್ಮು ಹತ್ತುತ್ತದೆ, ಅಷ್ಟರಲ್ಲಿ ನಿಮ್ಮಪ್ಪ "ಸಾಕು ಕೊಡು, ನಾ ಹೇಳ್ತೀನಿ" ಎಂದು ಫೋನು ಕಸಿದುಕೊಂಡಿರುತ್ತಾರೆ. ಅದಕ್ಕೇ ಈ ಕಾಗದ. ನಿನಗೆ ಪಾಟಿಯ ಮೇಲೆ ತಿದ್ದಿಸಿದ ಕೈಯೇ ಇದು, ಈಗ ಅಕ್ಷರ ಸೊಟ್ಟಗಾಗಿವೆ. ನಗಬೇಡ.

ಹೋದ ವಾರ ನನ್ನನ್ನು ಉದಗೀರಕ್ಕೆ ಕರೆದುಕೊಂಡು ಹೋಗಿದ್ದರು. ಬಸ್ಸಿನ ಕುಲುಕಾಟ ತಡೆಯುವುದಿಲ್ಲವೆಂದು ಅಂಬಣ್ಣ ಕಾಕಾ ಉಮರ್ಗಾದಿಂದ ತನ್ನ ಗಾಡಿ ತಂದಿದ್ದ. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟು ನಿಂತಿತ್ತು, ನೋಡುವ ಮನಸ್ಸೇ ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಡಾಕ್ಟರರು ಸ್ಕ್ಯಾನ್ ನೋಡಿ, ಹೊಟ್ಟೆಯ ಗಡ್ಡೆ ಮೊದಲಿಗಿಂತ ಬೆಳೆದಿದೆ ಎಂದರು. ಎಡ ಪಕ್ಕೆಯೊಳಗಿನ ಗುಲ್ಮ, ಅದೇ ಸ್ಪ್ಲೀನ್, ಅದೂ ದೊಡ್ಡದಾಗಿದೆ ಎಂದರು. ಗಡ್ಡೆಯ ಮಾತಿಗೆ ನಿಮ್ಮಪ್ಪನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು, ಗುಲ್ಮ ಅಂದ ಕೂಡಲೇ ಅರಳಿಬಿಟ್ಟಿತು. "ಪಾಣಥರಿ ದೊಡ್ಡದಾಗ್ಯಾದ? ಛಲೋ ಆತಲ್ರೀ ಡಾಕ್ಟರ್!" ಅಂದರು, ನಮ್ಮ ಕಡೆಯ ಹೆಸರು ಹಿಡಿದೇ. ಡಾಕ್ಟರರು ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಇದೆಲ್ಲಾ ನಿನ್ನದೇ ಪಾಠ. ದೀಪಾವಳಿಯಲ್ಲಿ ಅಂಗಡಿಯ ಗಾದಿಯ ಮೇಲೆ ಕೂತು ಹೇಳಿದ್ದೆಯಲ್ಲ, ಗಡ್ಡೆ ಬೆಳೆದ ಇಲಿಗಳಲ್ಲಿ ರೋಗದ ಸಂಗಡ ಹೋರಾಡುವ ಅಂಗಗಳು ಎಷ್ಟು ಪ್ರೋಟೀನ್ ತಯಾರಿಸುತ್ತವೆಂದು ಅಳೆಯುವುದೇ ನನ್ನ ಕೆಲಸ ಎಂದು. "ಅಳೀತೀರಿ ಹ್ಯಾಂಗ?" ಎಂದು ನಿಮ್ಮಪ್ಪ ಕೇಳಿದರು. "ನೀವು ಉದಗೀರದ ದಾಲ್ ಮಿಲ್ಲಿಗೆ ಕಳಸೋ ತೊಗರಿ ಚೀಲಕ್ಕ ಕೆಂಪು ಗುರುತು ಹಚ್ಚತೀರಲ್ಲಪ್ಪಾ, ಹಾಂಗ ಪ್ರೋಟೀನಿನ ಕಚ್ಚಾ ಮಾಲಿಗೆ ಗುರುತು ಹಚ್ಚಿ ಇಲಿಗೆ ಚುಚ್ಚತೀವಿ. ಆಮ್ಯಾಲ ಗುಲ್ಮದಾಗ ಆ ಗುರುತು ಎಷ್ಟು ಸಿಗ್ತದ ನೋಡ್ತೀವಿ" ಅಂದೆ. ಗಡ್ಡೆ ಬೆಳೆಯತೊಡಗಿದಾಗ ನಮ್ಮ ಇಲಿಗಳಲ್ಲಿ ಗುಲ್ಮ ಉಬ್ಬುತ್ತದೆ, ಒಳಗೆ ಪ್ರೋಟೀನ್ ತಯಾರಿಕೆ ಜೋರಾಗುತ್ತದೆ ಅಂದೆ. ವ್ಯಾಪಾರಸ್ಥರಿಗೆ ಅಷ್ಟು ಸಾಕು. ಈಗ ಬಂದ ಗಿರಾಕಿಗೆಲ್ಲಾ ಅದೇ ಮಾತು: "ಗಿರಣಿ ದೊಡ್ಡದಾತಂದ್ರ ಮಾಲು ಹೆಚ್ಚಿಗಿ ಹೊಂಡತದ. ನಮ್ಮ ಮನ್ಯಾಕಿ ಒಳಗಿಂದೊಳಗ ಕಾದ್ಯಾಡ್ಲಿಕತ್ಯಾಳ."

ಗಿರಣಿಗೆ ಮಾಲು ಬೇಕಲ್ಲ! ಮುಂಜಾನೆ ಹೆಸರುಬೇಳೆ, ಮಧ್ಯಾಹ್ನ ತೊಗರಿಬೇಳೆ, ಸಂಜೆ ಕಡಲೆಹಿಟ್ಟಿನ ಗಂಜಿ. ತಾವೇ ಕುದಿಸುತ್ತಾರೆ. ಉಪ್ಪು ಒಮ್ಮೆ ಮರೆಯುತ್ತಾರೆ, ಒಮ್ಮೆ ಎರಡು ಸಲ ಹಾಕುತ್ತಾರೆ. ಬೇಡವೆಂದರೆ ಬಟ್ಟಲು ಹಿಡಿದು ಎದುರಿಗೇ ನಿಲ್ಲುತ್ತಾರೆ. ಈ ಮನುಷ್ಯ ನನ್ನ ಸಿಟ್ಟಿಗೆ ಯಾವಾಗ ಬಗ್ಗಿದ್ದಾರೆ ಹೇಳು! ಕುಡಿಯುತ್ತೇನೆ. ಬಳೆಗಳು ಮೊಣಕೈವರೆಗೆ ಜಾರುತ್ತವೆ, ದಾರ ಸುತ್ತಿಕೊಂಡಿದ್ದೇನೆ. ಪೂಜೆಗೆ ಕೂತು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಕೈ ನಡುಗುತ್ತದೆ. ಎಲ್ಲಿ ಜಾರಿಬಿಟ್ಟೀತೋ ಎಂದು ಅವರು ನನ್ನ ಕೈಕೆಳಗೆ ತಮ್ಮ ಕೈ ಒಡ್ಡಿಕೊಂಡು ಕೂರುತ್ತಾರೆ. ಪೂಜೆ ಮುಗಿಯುವವರೆಗೆ ಅಲುಗುವುದಿಲ್ಲ. ಆಗ ನನಗೆ ಅಳು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನೀನು ರಜೆ ಹಾಕಿ ಬರುತ್ತೇನೆಂದು ಹಟ ಹಿಡಿದಿದ್ದೀಯಂತೆ. ಬೇಡ. ಕೊನೆಯ ತಂಡದ ಇಲಿಗಳು ಇನ್ನೂ ಉಳಿದಿವೆ, ನಡುವೆ ಬಿಟ್ಟರೆ ಇಷ್ಟು ವರ್ಷದ ಕೆಲಸ ಮಣ್ಣುಪಾಲು ಎಂದು ನೀನೇ ಅಂದಿದ್ದೆ. ಪಾಪ, ಸತ್ತ ಜೀವಗಳು ಸುಮ್ಮಸುಮ್ಮನೆ ಸತ್ತಂತಾಗಬಾರದು. ಪೂಜೆಯಲ್ಲಿ ಒಂದು ಬಿಲ್ವದೆಲೆ ಅವುಗಳ ಹೆಸರಿನಲ್ಲಿಯೂ ಏರಿಸುತ್ತೇನೆ, ನಿಮ್ಮಪ್ಪ ನನಗೆ ಹುಚ್ಚು ಅನ್ನುತ್ತಾರೆ. "ಆಕಿ ಈಗ ಬಂದು ಮಾಡೋದೇನದ? ಉಗಾದಿಗೆ ಬರ್ಲಿ. ಅಷ್ಟೊತ್ತಿಗೆ ನೀ ಎದ್ದು ಹೋಳಿಗಿ ಮಾಡ್ತಿ ನೋಡು" ಎಂದು ಅವರ ಲೆಕ್ಕ. ಹಾಗೇ ಆಗಲಿ. ಉಗಾದಿಗೆ ಬಾ.

ಗುರುವಿನ ಕೈ ನಿನ್ನ ತಲೆಯ ಮೇಲಿರಲಿ, ಹಿಡಿದ ಕೆಲಸ ನಿನಗೆ ಒಲಿಯಲಿ. ಅಪ್ಪನ ಆಶೀರ್ವಾದವೂ ಇದರಲ್ಲೇ ಸೇರಿದೆ, ಬೇರೆ ಬರೆಯುವುದಿಲ್ಲವಂತೆ.

ನಿನ್ನ ಅವ್ವ,
ನೀಲಗಂಗಾ

ತಾ.ಕ.: ಮೇಲಿನದನ್ನೆಲ್ಲಾ ನಿಮ್ಮಪ್ಪ ಓದಿಸಿಕೊಂಡು, ತಲೆಯಾಡಿಸಿ, ಪಾಕೀಟು ತರಲು ಕೆಳಗೆ ಅಂಗಡಿಗೆ ಹೋಗಿದ್ದಾರೆ. ಮನೆಯಲ್ಲಿ ಕನ್ನಡ ಆಡಿದರೂ ಮರಾಠಿ ಸಾಲಿಯಲ್ಲಿ ಕಲಿತವರು, ಕನ್ನಡ ಓದಲು ಬಾರದ್ದು ಇವತ್ತು ಒಳ್ಳೆಯದಾಯಿತು. ಅವತ್ತು ನೀನು ಹೇಳುತ್ತಿದ್ದಾಗ ನಡುವೆ ಗಿರಾಕಿ ಬಂದು ಅವರು ತಕ್ಕಡಿಗೆ ಎದ್ದು ಹೋದರು. ಉಳಿದದ್ದನ್ನು ನಾನೊಬ್ಬಳೇ ಕೇಳಿದೆ. ಗಡ್ಡೆ ಬಹಳ ಬೆಳೆದ ಮೇಲೆ ಗುಲ್ಮ ದೊಡ್ಡದಾಗಿಯೇ ಇರುತ್ತದೆ, ಒಳಗಿನ ತಯಾರಿಕೆ ಮಾತ್ರ ಇಳಿಯುತ್ತಾ ಹೋಗುತ್ತದೆ, ಎದೆಯೊಳಗಿನ ಥೈಮಸ್, ಅದೂ ರೋಗದ ಸಂಗಡ ಹೋರಾಡುವ ಅಂಗವೇ, ಅಷ್ಟರಲ್ಲಿ ಕುಗ್ಗಿ ಹೋಗಿರುತ್ತದೆ ಅಂದೆ ನೀನು. ನನ್ನ ಮುಖ ನೋಡಿದವಳೇ "ಇಲಿ ಬ್ಯಾರೆ, ಮನುಷ್ಯಾರು ಬ್ಯಾರೆ ಅವ್ವಾ" ಎಂದು ಮಾತು ತಿರುಗಿಸಿದೆ. ಇರಬಹುದು. ಆದರೆ ನನ್ನ ಮೈ ನನಗೆ ತಿಳಿಯುತ್ತದೆ ತಂಗಿ, ಕುಡಿದ ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅವರಿಗೆ ಗೊತ್ತಿಲ್ಲ. ಉಗಾದಿವರೆಗೆ ನನ್ನಿಂದ ಆಗುವುದಿಲ್ಲ. ಇಲಿಗಳನ್ನು ಯಾರಿಗಾದರೂ ಒಪ್ಪಿಸಿ ಈಗಲೇ ಬಾ. ಬಂದ ಕೂಡಲೇ ನಿಮ್ಮಪ್ಪ ಕೇಳುತ್ತಾರೆ, ಪಾಣಥರಿ ದೊಡ್ಡದಾದದ್ದು ಛಲೋನೇ ಅಲ್ಲೇನು ಎಂದು. ಹೌದಪ್ಪಾ ಅನ್ನು.