ಸೂಲಗಿತ್ತಿಗೆ ದಿನ ಹೇಳದ ಆಸ್ಪತ್ರೆಗೆ

ದೇವಣಗಾಂವ, ೧೨ ಫೆಬ್ರವರಿ ೧೯೭೯

ಜಿಲ್ಲಾ ಆಸ್ಪತ್ರೆಯ ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ಕಳೆದ ಶ್ರಾವಣದಲ್ಲಿ ತಾವು ನನಗೊಂದು ಗುಟ್ಟು ಹೇಳಿ, ಅದನ್ನು ಬಾಯಿಬಿಡಬಾರದೆಂದು ಅಪ್ಪಣೆ ಮಾಡಿದಿರಿ. ನಾನು ಶಾಲೆಯ ಮಾಸ್ತರ, ಮೇಲಿನವರ ಅಪ್ಪಣೆ ಪಾಲಿಸಿ ರೂಢಿಯಾದವನು. ಪಾಲಿಸಿದೆ. ಅದರಿಂದ ಒಂದು ಕೂಸು ಸತ್ತಿತು. ಈ ಮಾತನ್ನು ತಮಗೆ ಖಾಸಗಿಯಾಗಿ ಬರೆದಿದ್ದರೆ ಅದೂ ತಮ್ಮ ಕಡತದೊಳಗೆ ಸೇರಿ ಸುಮ್ಮನಾಗುತ್ತಿತ್ತು. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ತಮಗೆ ದಿನಕ್ಕೆ ನೂರಾರು ರೋಗಿಗಳು, ನೆನಪಿಲ್ಲದಿದ್ದರೆ ನೆನಪಿಸುತ್ತೇನೆ. ಹೆಸರು ಖಾತುನಬಿ, ಊರು ಸಿಂದಗಿ ತಾಲೂಕಿನ ದೇವಣಗಾಂವ, ವಯಸ್ಸು ಅರವತ್ತರ ಆಸುಪಾಸು. ಉದ್ಯೋಗ ಎಂಬಲ್ಲಿ ತಮ್ಮವರು 'ಮನೆಗೆಲಸ' ಎಂದು ಬರೆದುಕೊಂಡರು. ಆಕೆ ಸೂಲಗಿತ್ತಿ. ನಮ್ಮೂರಿನ ಅರ್ಧ ಜನ ಭೂಮಿಗೆ ಬಂದು ಮೊದಲು ಕಂಡದ್ದು ಆಕೆಯ ಮುಖವನ್ನು. ನನ್ನ ಮೂವರು ಮಕ್ಕಳೂ ಅದರಲ್ಲಿ ಸೇರಿದ್ದಾರೆ. ಮಲದಲ್ಲಿ ರಕ್ತ ಹೋಗುವುದನ್ನು ಆಕೆ ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಎದ್ದು ನಿಲ್ಲಲಾರದಂತಾದಾಗ ಸೊಸೆ ಅಬಿದಾ ಬಂದು ನನ್ನನ್ನು ಕರೆದಳು. ಇಂಗ್ಲಿಷ್ ಓದಬಲ್ಲೆನೆಂಬ ಕಾರಣಕ್ಕೆ ನಾನು ಜೊತೆಗೆ ಬಂದೆ.

ತಾವು ಹೊಟ್ಟೆ ಕೊಯ್ದು ನೋಡಿ ಹಾಗೆಯೇ ಹೊಲಿದಿರಿ. ದೊಡ್ಡ ಕರುಳಿನಲ್ಲಿ ಕ್ಯಾನ್ಸರಿನ ಗಡ್ಡೆ, ಯಕೃತ್ತಿಗೂ ಹರಡಿದೆ ಎಂದಿರಿ. ಆಮೇಲೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು, ಹೊಸ ಪರೀಕ್ಷೆಯೆಂದು ರಕ್ತ ತೆಗೆದು ಮುಂಬಯಿಗೆ ಕಳಿಸಿದಿರಿ. ಉತ್ತರ ಬಂದ ದಿನ ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ, ನನ್ನನ್ನು ಒಳಗೆ ಕರೆದು, ಬಹಳ ಆಸ್ಥೆಯಿಂದ ವಿವರಿಸಿದಿರಿ. ಗರ್ಭದೊಳಗಿನ ಕೂಸಿನ ಕರುಳಿನಲ್ಲಿ ಒಂದು ಪದಾರ್ಥ ಇರುತ್ತದಂತೆ. ಹುಟ್ಟುವ ಹೊತ್ತಿಗೆ ಅದು ಬಹುತೇಕ ಅಡಗಿಹೋಗುತ್ತದಂತೆ. ಕರುಳಿಗೆ ಈ ರೋಗ ಬಂದರೆ ಗಡ್ಡೆಯು ಅದನ್ನು ಮತ್ತೆ ಹುಟ್ಟಿಸಿ ರಕ್ತಕ್ಕೆ ಬಿಡುತ್ತದಂತೆ. ರೋಗ ಹರಡಿದವರಲ್ಲಿ ಅದು ಹೆಚ್ಚಿದಷ್ಟೂ ಬದುಕುವ ದಿನ ಕಡಿಮೆಯಂತೆ. ಖಾತುನಬಿಯ ರಕ್ತದಲ್ಲಿ ಅದು ಇರಬೇಕಾದ್ದಕ್ಕಿಂತ ನೂರು ಪಟ್ಟು ಇತ್ತು. "ದೀಪಾವಳಿ ದಾಟುವುದು ಕಷ್ಟ. ಆಕೆಗೆ ಹೇಳಬೇಡಿ, ಧೈರ್ಯ ಕೆಡುತ್ತದೆ. ಮೂಲವ್ಯಾಧಿ ಎಂದುಬಿಡಿ," ಎಂದಿರಿ. ರಕ್ತ ಕೊಡುವಾಗ ಸಾಕಾದ ಹೆಬ್ಬೆಟ್ಟು, ಅದರ ಉತ್ತರ ಕೇಳುವಾಗ ಯಾಕೆ ಸಾಲದಾಯಿತು? ಅಂದೇ ಕೇಳಬೇಕಾಗಿತ್ತು. ತಾವು 'ತಿಳಿದವರು' ಎಂದು ಕುರ್ಚಿ ಕೊಟ್ಟು ಕೂಡಿಸಿದ್ದಕ್ಕೆ ಉಬ್ಬಿಹೋಗಿದ್ದ ನಾನು ಕೇಳಲಿಲ್ಲ.

"ಏನ್ ಬರದಾರ್ರಿ ಮಾಸ್ತರ್ರ, ಮುಂಬಯಿಯವ್ರು?" ಎಂದು ಬಸ್ಸಿನಲ್ಲಿ ಕೇಳಿದಳು.

"ಮೂಲವ್ಯಾಧಿ ಅಂತ. ಗುಳಿಗಿ ತಗೊಂಡ್ರ ಕಡಿಮಿ ಆಗ್ತದ," ಎಂದೆ. ಮಾಸ್ತರ ಸುಳ್ಳು ಹೇಳಬಹುದೆಂದು ಆಕೆಗೆ ಹೊಳೆಯಲೇ ಇಲ್ಲ.

ಎಂಟು ದಿನದ ಮೇಲೆ, ಎಂದಿನಂತೆ ನಾನು ನಮ್ಮೂರ ಗುರುಲಿಂಗಪ್ಪನ ಮನೆಯ ಕಟ್ಟೆಯ ಮೇಲೆ ಜನರಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಅವನ ಸೊಸೆ ಲಕ್ಕವ್ವ ಆಗ ನಾಲ್ಕು ತಿಂಗಳ ಬಸುರಿ. ಹಿಂದಿನ ಹೆರಿಗೆಯಲ್ಲಿ ಕೂಸು ಕಾಲು ಮುಂದಾಗಿ ಬಂದು, ಖಾತುನಬಿಯ ಕೈಗುಣದಿಂದ ಇಬ್ಬರೂ ಉಳಿದಿದ್ದರು. ಈ ಸಲ ಆಸ್ಪತ್ರೆಯ ಹತ್ತಿರ ಇರುವ ಬಂಧುಗಳ ಮನೆಗೆ ಒಂದೆರಡು ತಿಂಗಳು ಮೊದಲೇ ಕಳಿಸಬೇಕೆಂದು ಮನೆಯವರು ಮಾತಾಡಿಕೊಳ್ಳುತ್ತಿದ್ದರು. ತುಸು ಚೇತರಿಸಿಕೊಂಡು ಅಲ್ಲಿಗೆ ಬಂದು ಕೂತಿದ್ದ ಖಾತುನಬಿ ಬೆರಳು ಮಡಚಿ ತಿಂಗಳು ಎಣಿಸಿದಳು.

"ಪುಷ್ಯದಾಗ ದಿನ ತುಂಬತಾವ. ಎಲ್ಲಿಗೂ ಹೋಗಬ್ಯಾಡ ಮಗಳ, ನಾ ಇರ್ತೇನಿ."

ನಾನೂ ಮನಸ್ಸಿನಲ್ಲೇ ಎಣಿಸಿದೆ. ಪುಷ್ಯ ಬರುವುದು ದೀಪಾವಳಿಯಾಗಿ ಎರಡು ತಿಂಗಳ ಮೇಲೆ. ಪತ್ರಿಕೆಯ ಹಾಳೆ ತಿರುವಿ ಮುಂದಿನ ಸುದ್ದಿ ಓದಿದೆ. ಮಾನ್ಯರೇ, ನನಗೆ ಈಗಲೂ ನಿದ್ದೆ ಬರದಿರುವುದು ಆ ಹಾಳೆಯಿಂದಾಗಿ.

ದೀಪಾವಳಿಯ ಹೊತ್ತಿಗೆ ಆಕೆಯ ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿತ್ತು. ಹೇಳಿ ಕಳಿಸಿದಳು, ಹೋದೆ. ತನ್ನ ಹೊಟ್ಟೆಯನ್ನು ತಾನೇ ಒತ್ತಿ ನೋಡಿಕೊಳ್ಳುತ್ತಿದ್ದಳು.

"ಸಾವಿರ ಹೊಟ್ಟಿ ಮುಟ್ಟಿ ನೋಡೇನ್ರಿ ಮಾಸ್ತರ್ರ. ಇದು ಮೂಲವ್ಯಾಧಿ ಅಲ್ಲ. ಖರೇ ಹೇಳ್ರಿ."

ಎಲ್ಲ ಹೇಳಿದೆ. ಗರ್ಭದ ಕೂಸಿನ ಕರುಳಿನ ವಿಷಯ ಬಂದಾಗ ಆಕೆ ತುಸು ನಕ್ಕಳು.

"ಹೊಟ್ಟ್ಯಾಗಿನ ಕೂಸಿನ ಮಾತು ನನಗ ತಿಳೀತಿರಲಿಲ್ಲೇನ್ರಿ? ಇಷ್ಟು ವರ್ಷ ನಾ ಮಾಡಿದ್ದಾದ್ರೂ ಏನು?" ಆಮೇಲೆ ಮತ್ತೆ ಬೆರಳು ಮಡಚಿ ತಿಂಗಳು ಎಣಿಸಿ, "ಲಕ್ಕವ್ವಗ ಮಾತು ಕೊಟ್ಟೇನಲ್ರಿ. ಸಾಯೂದು ಹೋಗ್ಲಿ, ನನ್ನ ಬಾಯಾಗ ಸುಳ್ಳು ಆಡಿಸಿದ್ರಲ್ಲ," ಎಂದಳು.

ಅತ್ತೆಯ ಜೊತೆ ಓಡಾಡಿ ಅಬಿದಾ ಸರಳ ಹೆರಿಗೆಗಳನ್ನು ಕಲಿತಿದ್ದಳು. ಅಡ್ಡ ತಿರುಗಿದ ಕೂಸನ್ನು ಸರಿಮಾಡುವುದನ್ನು ಕಲಿತಿರಲಿಲ್ಲ; "ಮುಂದಿನ ವರ್ಷ ಕಲಿಸ್ತೇನಿ, ಅವಸರ ಏನೈತಿ" ಎಂದು ಅತ್ತೆ ಹೇಳಿದ್ದಳು. ಈಗ ಖಾತುನಬಿ ತಲೆದಿಂಬಿನ ಚೀಲದೊಳಗೆ ಬಟ್ಟೆಯ ಗೊಂಬೆ ಇಡಿಸಿ, ಚೀಲದ ಬಾಯಿ ಹೊಲಿಸಿ, ಅದನ್ನೇ ಬಸುರಿಯ ಹೊಟ್ಟೆ ಮಾಡಿದಳು. ಮಲಗಿದಲ್ಲಿಂದಲೇ ಸೊಸೆಯ ಕೈ ಹಿಡಿದು, ಎಲ್ಲಿ ಒತ್ತಬೇಕು, ಎಲ್ಲಿ ತಡೆಯಬೇಕು ಎಂದು ತೋರಿಸತೊಡಗಿದಳು. ನಾಲ್ಕು ದಿನ ಪಾಠ ನಡೆಯಿತು. ಐದನೆಯ ದಿನ ಆಕೆಗೆ ಕೈ ಎತ್ತಲಾಗಲಿಲ್ಲ, ಏಳನೆಯ ದಿನ ತೀರಿಕೊಂಡಳು. ಲಕ್ಕವ್ವನನ್ನು ಆಸ್ಪತ್ರೆಗೇ ಕರೆದೊಯ್ಯಿರಿ ಎಂದು ಗುರುಲಿಂಗಪ್ಪನ ಮನೆಗೆ ಹೇಳಿ ಕಳಿಸಿದ್ದಳು. ನಿಜ ಮುಚ್ಚಿಟ್ಟವರು ಯಾರೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಪುಷ್ಯಕ್ಕೆ ಇನ್ನೂ ದಿನವಿದೆ, ಎಳ್ಳ ಅಮಾವಾಸ್ಯೆಯ ಹೊಲದ ಪೂಜೆ ಮುಗಿಸಿ ಕರೆದೊಯ್ದರಾಯಿತು ಎಂದರು ಮನೆಯವರು. ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗಲೇ ನೋವು ಬಂತು. ಕೂಸು ಅಡ್ಡ ಬಿದ್ದಿತ್ತು. ಗೊಂಬೆಯ ಮೇಲೆ ಕಲಿತದ್ದನ್ನೆಲ್ಲ ಅಬಿದಾ ಮಾಡಿ ನೋಡಿದಳು. ಎತ್ತು ಕಟ್ಟಿ ಚಕ್ಕಡಿ ಹೂಡಿದರು. ಡಾಂಬರು ರಸ್ತೆ ಮುಟ್ಟುವುದರೊಳಗೆ ಕೂಸು ಹೊಟ್ಟೆಯಲ್ಲೇ ಸತ್ತಿತು. ಲಕ್ಕವ್ವನನ್ನು ತಮ್ಮ ಆಸ್ಪತ್ರೆಯವರೇ ಉಳಿಸಿದರು. ಅದಕ್ಕೆ ಕೈ ಮುಗಿಯುತ್ತೇನೆ. ಅಬಿದಾ ಅಂದಿನಿಂದ ಯಾವ ಬಸುರಿಯನ್ನೂ ಮುಟ್ಟಿಲ್ಲ.

ರಕ್ತ ಪರೀಕ್ಷೆಯ ಆ ಲೆಕ್ಕ ನೂರಕ್ಕೆ ನೂರು ನಿಜವಲ್ಲ, ಹೇಳಿ ಹೆದರಿಸುವುದೇಕೆ ಎಂದು ತಾವು ಅನ್ನಬಹುದು. ಖಾತುನಬಿ ಹೇಳುತ್ತಿದ್ದ ಹೆರಿಗೆಯ ದಿನವೂ ವಾರ ಹಿಂದೆ ಮುಂದೆ ಆಗುತ್ತಿತ್ತು. ಹಾಗೆಂದು ಬಸುರಿಯನ್ನು ಹೊರಗೆ ಕೂಡಿಸಿ ಅವಳ ಗಂಡನಿಗೊಬ್ಬನಿಗೇ ಹೇಳುತ್ತಿದ್ದಳೇ? ಹುಟ್ಟಿಗೆ ತಯಾರಿ ಬೇಕು, ಸಾವಿಗೆ ಬೇಡವೇ? ಹೋಗುವವರು ಕಲಿಸಬೇಕಾದದ್ದು, ಕೊಟ್ಟ ಮಾತಿನಿಂದ ಬಿಡಿಸಿಕೊಳ್ಳಬೇಕಾದದ್ದು ಏನೂ ಇರುವುದಿಲ್ಲವೇ? ಇನ್ನು ಧೈರ್ಯದ ಮಾತು. ನಿಜ ಕೇಳಿದ ಮೇಲೆ ಆ ಹೆಂಗಸು ಅಳುತ್ತ ಕೂಡಲಿಲ್ಲ, ಸೂಜಿ ದಾರ ತರಿಸಿದಳು. ಧೈರ್ಯ ಇಲ್ಲದಿದ್ದದ್ದು ತಮಗೆ ಮತ್ತು ನನಗೆ. ನಮ್ಮ ಅಂಜಿಕೆಗೆ ಕರುಣೆ ಎಂಬ ಹೆಸರಿಟ್ಟು ಆಕೆಯ ಮೂರು ತಿಂಗಳನ್ನು ಕದ್ದೆವು. ಶ್ರಾವಣದಲ್ಲೇ ಹೇಳಿದ್ದರೆ ಅಬಿದಾಳ ಕೈ ಪಳಗುತ್ತಿತ್ತು, ಲಕ್ಕವ್ವ ಹೊತ್ತಿಗೆ ಮೊದಲೇ ಆಸ್ಪತ್ರೆಯ ಹತ್ತಿರ ಇರುತ್ತಿದ್ದಳು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಇಂಡಿಯಿಂದ ಬರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬರಲಿ, ಯಾರ ಮೈಯಿಂದ ರಕ್ತ ತೆಗೆಯುತ್ತೀರೋ ಅವರನ್ನೇ ಮೊದಲು ಒಳಗೆ ಕರೆಯಿರಿ. ಕೇಳುವ ಮನಸ್ಸಿದೆಯೇ ಎಂದು ವಿಚಾರಿಸಿರಿ. ಇದೆಯೆಂದರೆ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿರಿ. ಹಾಗೆಂದು ಲಿಖಿತ ಆದೇಶ ಹೊರಡಿಸಿ ಆ ಬೆಂಚಿನ ಮೇಲಿನ ಗೋಡೆಗೆ ಹಚ್ಚಿಸಿರಿ.

ಆಸ್ಪತ್ರೆಯಿಂದ ಬಂದ ದಿನ ಲಕ್ಕವ್ವ ನನ್ನನ್ನು ಕೇಳಿದಳು: "ಖಾತುನಬಿ ಆಯಿ ಒಮ್ಮಿನೂ ಮಾತು ತಪ್ಪಿದಾಕಿ ಅಲ್ಲ. ನನಗ್ಯಾಕ ಹಂಗ ಹೇಳಿದ್ಲ್ರಿ ಮಾಸ್ತರ್ರ?" ಶಾಲೆಗೆ ಹೊತ್ತಾಯಿತೆಂದು ಎದ್ದು ಬಂದೆ. ಈ ಪತ್ರ ಅಚ್ಚಾಗಿ ಬಂದ ದಿನ ಗುರುಲಿಂಗಪ್ಪನ ಕಟ್ಟೆಯ ಮೇಲೆ ಪತ್ರಿಕೆ ಓದಿ ಹೇಳುವವನು ನಾನೇ. ಲಕ್ಕವ್ವ ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಈ ಸಲ ಹಾಳೆ ತಿರುವುವುದಿಲ್ಲ, ಒಂದು ಸಾಲನ್ನೂ ಬಿಡುವುದಿಲ್ಲ. ತಾವೂ ಬಂದು ಪಕ್ಕದಲ್ಲಿ ಕುಳಿತುಕೊಳ್ಳಿರಿ.

ಇಂತಿ,
ತಮ್ಮ ಅಪ್ಪಣೆಯನ್ನು ಮೂರು ತಿಂಗಳು ಚಾಚೂ ತಪ್ಪದೆ ಪಾಲಿಸಿದ
ಗುರುರಾಜ ಮಾಸ್ತರ