ಅಮ್ಮನ ಲ್ಯಾಟಿನ್ ಪ್ರಾರ್ಥನೆ

ಸಾಗರ, ೨ ನವೆಂಬರ್ ೧೯೬೬, ಬುಧವಾರ

ಇವತ್ತು ಸತ್ತವರ ಹಬ್ಬ. ಅಮ್ಮನ ಸಮಾಧಿಯ ಮುಂದೆ ಪಾದ್ರಿಗಳು ಲ್ಯಾಟಿನ್ ಬಿಟ್ಟು ಕನ್ನಡದಲ್ಲಿ ಪ್ರಾರ್ಥಿಸಿದರು. ಹಾಗೆ ಮಾಡಿದ್ದು ಇದೇ ಮೊದಲು. ಸಂಜೆಯಿಂದ ಅದೇ ಮನಸ್ಸಿನಲ್ಲಿ ಸುತ್ತುತ್ತಿದೆ.

ಇಗರ್ಜಿಯ ಗಂಟೆ ಹೊಡೆಯುವ ಇನಾಸಜ್ಜನಿಗೆ ಸಮಾಧಾನವಿಲ್ಲ. "ಇಲ್ಲಿ ಮಲಗಿರೋರೆಲ್ಲ ಲ್ಯಾಟಿನ್ ಕೇಳ್ಕಂಡೇ ಬೆಳೆದೋರು. ಇದು ಅವ್ರಿಗೆ ಮುಟ್ತದಾ?" ಎಂದ. ನಾನು ಅಮ್ಮನ ಸಮಾಧಿಯ ಮೇಲೆ ಮೊಂಬತ್ತಿ ಹಚ್ಚಿಟ್ಟೆ.

ಅಮ್ಮ ದಿನಾ ಮುಸ್ಸಂಜೆ ಶಿಲುಬೆಯ ಮುಂದೆ ದೀಪ ಹಚ್ಚಿ, ತೀರಿಕೊಂಡವರ ಹೆಸರುಗಳನ್ನು ಹೇಳಿ, "ರೆಕ್ವಿಯೆಂ ಎತೆರ್ನಾಂ" ಎನ್ನುತ್ತಿದ್ದಳು. ನಿಂತುಕೊಂಡೇ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ. ಹಾಗಂದರೆ ಏನಮ್ಮ ಎಂದು ಒಮ್ಮೆ ಕೇಳಿದ್ದೆ.

"ದೇವ್ರಿಗೆ ಗೊತ್ತಿದ್ರೆ ಸಾಕು, ನಂಗ್ಯಾಕೆ? ಹೋಗಿ ನೀರು ಸೇದು."

ಇವತ್ತು ಕನ್ನಡದಲ್ಲಿ ಕೇಳಿದ ಮೇಲೆ ಗೊತ್ತಾಯಿತು. ಇವರಿಗೆ ನಿತ್ಯ ವಿಶ್ರಾಂತಿಯನ್ನು ಕೊಡು ಎಂದು ಅದರ ಅರ್ಥ.

ವಿಶ್ರಾಂತಿ. ಊರವರ ಭತ್ತ ಕುಟ್ಟಿ, ಭಾನುವಾರದ ಪೂಜೆಗೆ ಇಗರ್ಜಿಯ ಪೀಠದ ಬಟ್ಟೆ ಒಗೆದು ಗಂಜಿ ಹಾಕುತ್ತಿದ್ದವಳು ಅಷ್ಟು ವರ್ಷ ಎಲ್ಲರಿಗೂ ಅದನ್ನೇ ಬೇಡುತ್ತಿದ್ದಳು. ಅವಳು ಗೋಡೆಗೆ ಒರಗಿ ಕೂತದ್ದು ನನಗೆ ನೆನಪೇ ಇಲ್ಲ.

ಎಲ್ಲರೂ ಹೋದ ಮೇಲೆ ಅವಳದೇ ರಾಗದಲ್ಲಿ ಲ್ಯಾಟಿನ್ನಿನಲ್ಲೂ ಒಮ್ಮೆ ಹೇಳಿ ಬಂದೆ. ಮೊಂಬತ್ತಿಯ ಮೇಣ ಇನ್ನೂ ಬೆರಳಿಗೆ ಅಂಟಿಕೊಂಡಿದೆ.

ಬದುಕಿದ್ದಾಗ ಅವಳಿಗೆ ಈ ಅರ್ಥ ಹೇಳಿದ್ದರೆ ಏನು ಮಾಡುತ್ತಿದ್ದಳು? "ಹೌದಾ" ಎಂದು ಕೇಳಿಸಿಕೊಂಡು, ಮತ್ತೆ ಒನಕೆ ಎತ್ತಿಕೊಳ್ಳುತ್ತಿದ್ದಳು.