ಬಾಣಂತನದಲ್ಲಿ ಫುಟ್‌ಬಾಲ್

9 ಜೂನ್ 2002, ಮುಗದ. ಮಧ್ಯಾಹ್ನ

ಇವತ್ತೂ ಅದೇ. ಬೆಳಿಗ್ಗೆ ಎಣ್ಣೆ, ಮೈ ಸುಡುವಷ್ಟು ಬಿಸಿನೀರು. ಆಮೇಲೆ ಹೊರಸಿನ ಕೆಳಗೆ ಕೆಂಡದ ಮಡಕೆ. ಕೂಸಿಗೊಂದು ಸುತ್ತು ಹೊಗೆ, ನನಗೊಂದು ಸುತ್ತು. ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟಿದ್ದಾಳೆ ಅವ್ವ, ಉಸಿರಾಡಿದರೆ ಪುಣ್ಯ. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ. ಈ ಸೆಕೆಯಲ್ಲಿ! ಕೊನೆಗೆ ಅಂಟಿನ ಉಂಡಿ. ಅಂಟು, ಕೊಬ್ಬರಿ, ಉತ್ತತ್ತಿ, ತುಪ್ಪ... ಒಂದು ತಿಂದು ಮೈದಾನಕ್ಕೆ ಇಳಿದರೆ ಪೂರ್ತಿ ಮ್ಯಾಚ್ ಓಡಬಹುದು. ಓಡುವುದೇ ಇಲ್ಲವಲ್ಲ, ಎಲ್ಲಾ ಸೊಂಟಕ್ಕೆ ಹೋಗುತ್ತಿದೆ.

ಪಕ್ಕದ ಮನೆಯ ಟಿವಿಯಲ್ಲಿ ವಿಶ್ವಕಪ್. ಕಿವಿಯ ಹತ್ತಿ ಸ್ವಲ್ಪ ಸರಿಸಿ ಕೇಳಿದೆ. ಯಾರ ಮ್ಯಾಚೋ ತಿಳಿಯಲಿಲ್ಲ, ಜನರ ಕೂಗು ಮಾತ್ರ ಕೇಳಿಸಿತು. ಬಾಣಂತಿ ಟಿವಿ ನೋಡಬಾರದು, ಓದಬಾರದು, ಬರೆಯಬಾರದು. ಕಣ್ಣು ಹೋಗುತ್ತವಂತೆ. ಅವ್ವ ಹಿತ್ತಲಿಗೆ ಹೋದಾಗ ಇದನ್ನು ಗೀಚುತ್ತಿದ್ದೇನೆ.

ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ. ತೀರಿಹೋದ ನನ್ನ ಅತ್ತೆಯ ಹೆಸರೇ ಇಟ್ಟಿದ್ದೇವೆ, ಗಂಗವ್ವ. ಕರೆಯುವುದು ಮಾತ್ರ ಎಲ್ಲರೂ ಕೂಸು ಎಂದೇ. ನಿದ್ದೆಯಲ್ಲಿ ಒದೆಯುತ್ತಾಳೆ. ಎಡಗಾಲು!

14 ಜೂನ್

ಮೈಲಾರಿ ಬಂದಿದ್ದರು. ಗಂಡನ ಹೆಸರು ಇಲ್ಲಿ ಮಾತ್ರ ಬರೆಯುವುದು, ಅವ್ವನಿಗೆ ಕೇಳಿಸುವುದಿಲ್ಲ. ಹುಬ್ಬಳ್ಳಿಯ ಕೇಶ್ವಾಪುರದ ಸೈಕಲ್ ಅಂಗಡಿ ಅರ್ಧ ದಿನ ಮುಚ್ಚಿ ಬಂದದ್ದು. ಕೂಸನ್ನು ಎತ್ತಿಕೊಳ್ಳಲು ಇನ್ನೂ ಹೆದರಿಕೆ. ಪಂಕ್ಚರ್ ಆದ ಟ್ಯೂಬ್ ಹಿಡಿದಂತೆ ಎರಡೂ ಕೈಯಲ್ಲಿ ದೂರ ಹಿಡಿಯುತ್ತಾರೆ.

ಬಿಂದುಮಾಧವ ಸರ್ ಹೇಳಿ ಕಳಿಸಿದ್ದಾರೆ. ಎಂಟನೇ ಇಯತ್ತೆಯಲ್ಲಿ ಧಾರವಾಡದ ಸಾಲಿ ಮೈದಾನದಲ್ಲಿ ನನಗೆ ಚೆಂಡು ಕಲಿಸಿದವರು ಅವರೇ, ಈಗ ನಮ್ಮ ಗೋವಾ ಕ್ಲಬ್ಬಿನ ಕೋಚ್ ಕೂಡ ಅವರೇ. ಗೋವಾದಲ್ಲಿ ಮಳೆ, ಮೈದಾನವೆಲ್ಲ ಕೆಸರು. ಅದಕ್ಕೆ ಎಂದಿನಂತೆ ಸೀಸನ್ನಿಗೆ ಮೊದಲು ಹುಬ್ಬಳ್ಳಿಯಲ್ಲಿ ಕ್ಯಾಂಪ್. ಆಗಸ್ಟ್ 22ಕ್ಕೆ ಶುರು, ಸೆಪ್ಟೆಂಬರ್ ಒಂದಕ್ಕೆ ಟ್ರಯಲ್ ಮ್ಯಾಚ್. ಅದರಲ್ಲಿ ಆಡಿದವರಿಗಷ್ಟೇ ಹೊಸ ಕಾಂಟ್ರ್ಯಾಕ್ಟ್. ನನ್ನದು ಮೇ ತಿಂಗಳಿಗೆ ಮುಗಿದಿದೆ. ಬಂದರೆ ನೋಡುತ್ತೇನೆ, ಬರದಿದ್ದರೆ ನಿನ್ನ ಜಾಗಕ್ಕೆ ಸೃಷ್ಟಿ ಇದ್ದಾಳೆ ಎಂದಿದ್ದಾರಂತೆ. ಸೃಷ್ಟಿ ಯಾರೆಂದು ನನಗೆ ಗೊತ್ತಿಲ್ಲವೇ? ಧಾರವಾಡದ ಹುಡುಗಿ, ಹತ್ತೊಂಬತ್ತರ ವಯಸ್ಸು, ಕಾಲಿಗೆ ಗಾಲಿ ಕಟ್ಟಿಕೊಂಡಂತೆ ಓಡುತ್ತಾಳೆ. ಥ್ರೋ-ಇನ್ ಮಾಡುವುದನ್ನು ಅವಳಿಗೆ ಹೇಳಿಕೊಟ್ಟದ್ದು ನಾನೇ.

ಆಡಬೇಕು. ಅದೊಂದೇ ತಲೆಯಲ್ಲಿ. ಚೆಂಡು ಒದ್ದು ಸಂಬಳ ತರುವ ಹೆಂಗಸು ಈ ಸುತ್ತಮುತ್ತ ನಾನೊಬ್ಬಳೇ. ಐದು ಸೀಸನ್ ಆಡಿದ್ದೇನೆ, ಸಾಕಾಗಿಲ್ಲ.

ಅವ್ವನಿಗೆ ಹೇಳಿದೆ. ಅವ್ವ ಬೆರಳು ಮಡಚಿದಳು. ಚೊಚ್ಚಲ ಬಾಣಂತಿಯನ್ನು ತೊಟ್ಟಿಲ ಜೊತೆ ಗಂಡನ ಮನೆಗೆ ಕಳಿಸುವುದು ಮೂರರಲ್ಲಿ, ಇಲ್ಲವೇ ಐದರಲ್ಲಿ. ನಾಲ್ಕನೇ ತಿಂಗಳು ಆಗಿಬರುವುದಿಲ್ಲ. ಕ್ಯಾಂಪ್ ಬೀಳುವುದು ಸರಿಯಾಗಿ ನಾಲ್ಕರಲ್ಲಿ. ಐದಕ್ಕೆ ಕಳಿಸುತ್ತೇನೆ ಎಂದು ಹೇಳಿ ಎಮ್ಮೆ ಹಿಂಡಲು ಹೋದಳು. ಮಾತು ಮುಗಿಯಿತು.

30 ಜೂನ್

ಫೈನಲ್. ಅಪ್ಪ ಪಕ್ಕದ ಮನೆಯಲ್ಲಿ ನೋಡಿದ. ಬಾಗಿಲಲ್ಲಿ ನಿಂತು, ಅವ್ವನ ಬೆನ್ನ ಹಿಂದಿನಿಂದ ಎರಡು ಬೆರಳು ತೋರಿಸಿದ. ಯಾರು ಎಂದು ತುಟಿಯಲ್ಲೇ ಕೇಳಿದೆ. ಬ್ರೆಜಿಲ್. ನನ್ನ ಅಪ್ಪ ದುರಗಪ್ಪ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅದರಲ್ಲಿ ಒಂದನ್ನು ಬ್ರೆಜಿಲ್ಲಿಗೆ ಖರ್ಚು ಮಾಡಿದ.

6 ಜುಲೈ

ಸಿಕ್ಕಿಬಿದ್ದೆ. ಅವ್ವ ಹಾಲು ಹಾಕಲು ಹೋಗುವ ಹೊತ್ತಿಗೆ ಒಂದು ವಾರದಿಂದ ಕೋಣೆಯಲ್ಲೇ ವ್ಯಾಯಾಮ. ಕಾಲು ಎತ್ತುವುದು, ನಿಂತಲ್ಲೇ ಮೆಲ್ಲಗೆ ಓಡುವುದು. ಇವತ್ತು ಬೇಗ ಬಂದುಬಿಟ್ಟಳು. ಬೈಯಲಿಲ್ಲ. ಹೊಟ್ಟೆಯ ಸೀರೆ ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದಳು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

11 ಜುಲೈ

ಆಷಾಢ ಬಂತು. ಈ ತಿಂಗಳು ಮಗಳನ್ನು ಕಳಿಸುವ ಮಾತೇ ಇಲ್ಲ. ಶ್ರಾವಣ ಬಂದರೆ ಪಂಚಮಿ, ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹೊತ್ತು. ಆಗ ಇದ್ದ ಮಗಳನ್ನು ಯಾರು ಕಳಿಸುತ್ತಾರೆ? ಎದುರು ಟೀಮಿನ ಆಟಗಾರ್ತಿಯ ಹಾಗೆ ಕ್ಯಾಲೆಂಡರ್ ಕೂಡ ನನ್ನನ್ನೇ ಮಾರ್ಕ್ ಮಾಡುತ್ತಿದೆ. ಯಾವ ಕಡೆ ತಿರುಗಿದರೂ ಮೈಮೇಲೆ.

2 ಆಗಸ್ಟ್

ಸಂದು ಸಿಕ್ಕಿತು! ಪಂಚಮಿ 13ಕ್ಕೆ. ಮೂರನೇ ತಿಂಗಳು ಮುಗಿಯುವುದು 20ಕ್ಕೆ. ನಡುವೆ ಒಂದು ಸೋಮವಾರ, ಶ್ರಾವಣ ಸೋಮವಾರ, ಯಾರೂ ಬೇಡ ಎನ್ನದ ದಿನ. ಅವ್ವನಿಗೆ ಹೇಳಿದೆ. ಬೇಳೆ ಆರಿಸುತ್ತಾ ಕುಳಿತಿದ್ದಳು, ಮುಖ ಎತ್ತಲಿಲ್ಲ. ಅಪ್ಪ ಅಯ್ಯನವರನ್ನು ಕೇಳಿ ಬಂದ. ದಿನ ಛಲೋ ಐತಿ ಎಂದರಂತೆ. ಅವ್ವ, ಬೇಳೆಯಲ್ಲಿ ಕಲ್ಲು ಬಹಳ ಎಂದಳು.

13 ಆಗಸ್ಟ್, ಪಂಚಮಿ

ಬೇವಿನ ಮರಕ್ಕೆ ಜೋಕಾಲಿ. ಗೆಳತಿಯರೆಲ್ಲ ಬಂದಿದ್ದರು, ಜೀಕಿ ಜೀಕಿ ಕೂಗಿದರು. ನಾನು ಕಟ್ಟೆಯ ಮೇಲೆ ಕಂಬಳಿ ಹೊದ್ದು, ಎಳ್ಳುಂಡಿ ಕಡಿಯುತ್ತಾ ಕೂತವಳು. ಸಿಟ್ಟು ಬಂತು. ಅವರು ಹೋದಮೇಲೆ ಅಡಿಗೆಮನೆಗೆ ಹೋಗಿ ಅಂದೇಬಿಟ್ಟೆ, ನಾನು ಆಡಬಾರದು ಎಂದೇ ನೀನು ಹೀಗೆ ಮಾಡುತ್ತಿದ್ದೀಯ ಎಂದು.

ಅವ್ವ ಒಲೆಯ ಮುಂದೆ ಕೂತಿದ್ದಳು. ಏಳುವಾಗ ಎಂದಿನಂತೆ ಸೊಂಟಕ್ಕೆ ಕೈ ಕೊಟ್ಟು ಗೋಡೆ ಹಿಡಿದಳು.

"ನಿನ್ನ ಹಡದು ಎರಡನೇ ತಿಂಗಳಿಗೆ ಭತ್ತದ ಹೊಲದಾಗ ಕಸಾ ತಗ್ಯಾಕ ಹ್ವಾದಾಕಿ ನಾನು. ಕೂಡ್ರು ಅಂತ ಯಾರೂ ಅನ್ಲಿಲ್ಲ. ನಡಾ ಅವತ್ತ ಹ್ವಾತು, ಇನ್ನೂ ಬಂದಿಲ್ಲ. ನೀ ಆಡಬಾರದಂತ ಕೂಡ್ಸಿಲ್ಲ ಸುಕನ್ಯಾ. ಓಡಬೇಕಂತ ಕೂಡ್ಸೇನಿ."

ಇಪ್ಪತ್ತೇಳು ವರ್ಷ ಅವಳು ಗೋಡೆ ಹಿಡಿದು ಏಳುವುದನ್ನು ನೋಡಿದ್ದೇನೆ. ಒಂದು ದಿನವೂ ಯಾಕೆ ಎಂದು ಕೇಳಿಲ್ಲ. ಅವಳ ಪಕ್ಕ ಕೂತು ಉಂಡಿ ಕಟ್ಟಿದೆ. ನನ್ನವು ಸೊಟ್ಟ ಬಂದವು, ಅವಳು ಮತ್ತೆ ಕಟ್ಟಿದಳು.

19 ಆಗಸ್ಟ್, ಸೋಮವಾರ. ಹುಬ್ಬಳ್ಳಿಯ ಕಮರಿಪೇಟೆ, ಗಂಡನ ಮನೆ

ಬಂದೆವು! ಅವ್ವ ತಾನಾಗಿಯೇ ಶನಿವಾರ ತೊಟ್ಟಿಲು ತೊಳೆದಿಟ್ಟಳು. ಕೇಳಿದ್ದಕ್ಕೆ, ಸೋಮವಾರ ಹೋಗುವುದಲ್ಲವೇ ಎಂದಳು, ಮೊದಲಿನಿಂದಲೂ ಹಾಗೇ ಇತ್ತು ಎಂಬಂತೆ. ಟೆಂಪೋದಲ್ಲಿ ತೊಟ್ಟಿಲು, ಉಡುಗೊರೆಯ ಕುಬಸದ ಬುಟ್ಟಿ, ನಾನು, ಕೂಸು. ಆಮೇಲೆ ಉಂಡಿಯ ಡಬ್ಬಿ ಬಂತು. ಕೆಂಡದ ಮಡಕೆ ಬಂತು. ಕೊನೆಗೆ ಗಂಟು ಹಿಡಿದು ಅವ್ವನೇ ಹತ್ತಿ ಕೂತಳು.

ಮೈಲಾರಿ ಗಾಬರಿ. ಬೀಗರ ಮನೆಯಲ್ಲಿ ಹೆಣ್ಣಿನ ತಾಯಿ ಒಂದು ರಾತ್ರಿ ಉಳಿದರೇ ಹೆಚ್ಚು, ಜನ ಆಡಿಕೊಳ್ಳುತ್ತಾರೆ. ನನ್ನ ಅವ್ವ ರೇಣವ್ವ ಇಂಥ ವಿಷಯದಲ್ಲಿ ಒಂದು ಗೆರೆ ದಾಟಿದವಳಲ್ಲ. ಎಷ್ಟು ದಿನ ಇರುತ್ತೀರಿ ಎಂದು ಕೇಳುವುದು ಹೇಗೆಂದು ಅವರು ತಡವರಿಸುವಾಗ ಅವಳೇ ಹೇಳಿದಳು.

"ಐದು ತಿಂಗಳ ಬಾಣಂತನ ನಂದು. ಅದನ್ನ ಎಲ್ಲಿ ಮಾಡಿದ್ರೇನು?"

ಸಂಜೆ ಮನೆಯಲ್ಲಿ ಹೊಗೆ ಹಾಕಿದಳು. ಎದುರು ಮನೆಯ ಹಾಜರಾಬಿ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು. ಈಗ ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದಾರೆ, ನನ್ನ ಸೊಂಟದ ಬಗ್ಗೆ ಮಾತು ನಡೆದಿದೆ.

25 ಆಗಸ್ಟ್

ಕ್ಯಾಂಪ್ ನಾಲ್ಕನೇ ದಿನ. ಕಾಲು ಕಾಲಿನಂತೆ ಇಲ್ಲ. ಚೆಂಡು ಎಲ್ಲಿ ಹೋಗುತ್ತದೆಂದು ತಲೆಗೆ ಗೊತ್ತಾಗುತ್ತದೆ, ದೇಹ ಆಮೇಲೆ ತಲುಪುತ್ತದೆ. ಶೂ ಬಿಗಿ, ಜೆರ್ಸಿ ಬಿಗಿ. ಸೃಷ್ಟಿ ಪಕ್ಕದಲ್ಲಿ ಹಾದುಹೋದರೆ ಗಾಳಿ ಬೀಸುತ್ತದೆ. ಒಳ್ಳೆಯ ಹುಡುಗಿ, ನನಗಾಗಿ ಎರಡು ಬಾರಿ ನಿಧಾನ ಮಾಡಿದಳು. ಅದಕ್ಕೇ ಇನ್ನೂ ಸಿಟ್ಟು ಬಂತು.

ಆದರೂ ಹುಲ್ಲಿನ ವಾಸನೆ... ಒದ್ದೆ ಚೆಂಡು ಪಾದಕ್ಕೆ ಬಡಿದ ಸದ್ದು... ಖುಷಿಯಾಗುತ್ತದೆ. ಸುಮ್ಮನೆ ಖುಷಿ. ಮನೆಗೆ ಬಂದರೆ ಅವ್ವನ ಬಿಸಿನೀರು, ಎಣ್ಣೆ. ಬೇರೆ ಯಾರ ಬಳಿ ಇಂಥ ಫಿಸಿಯೋ ಇದ್ದಾರೆ?

1 ಸೆಪ್ಟೆಂಬರ್, ಸಂಜೆ

ಟ್ರಯಲ್ ಮುಗಿಯಿತು. ಎಲ್ಲವನ್ನೂ ಈಗಲೇ ಬರೆದಿಡುತ್ತೇನೆ.

ಕೂಸನ್ನು ಎತ್ತಿಕೊಂಡು ಅವ್ವ ಗೆರೆಯ ಆಚೆ ಕೂತಿದ್ದಳು. ಮೊದಲ ಅರ್ಧದಲ್ಲಿ ನನ್ನದು ಹೇಳುವಂಥದ್ದೇನೂ ಇಲ್ಲ. ಎದುರು ಟೀಮಿನಲ್ಲಿ ಸೃಷ್ಟಿ, ಮೂರು ಸಲ ನನ್ನಿಂದ ಚೆಂಡು ಕಸಿದಳು. ಅಷ್ಟರಲ್ಲಿ ಕೂಸು ಅತ್ತಿತು. ಅತ್ತ ಕೂಡಲೇ ನನ್ನ ಎದೆಗೆ ಹಾಲು ತುಂಬಿ ಬಂತು, ಜೆರ್ಸಿ ಒದ್ದೆ. ಎಲ್ಲರಿಗೂ ಕಾಣುತ್ತದೆ. ಓಡಿದೆ. ಓಡುತ್ತಲೇ ಇದ್ದೆ. ಕೂಸು ಅಳುತ್ತಲೇ ಇತ್ತು.

ಆಗ ನೋಡುತ್ತೇನೆ, ಅವ್ವ ಕೂಸನ್ನು ಎತ್ತಿಕೊಂಡು ಮೈದಾನದ ಒಳಗೇ ನಡೆದು ಬರುತ್ತಿದ್ದಾಳೆ! ಹೊಲದ ಬದುವಿನ ಮೇಲೆ ಬುತ್ತಿ ತರುವವರ ಹಾಗೆ, ನೆಟ್ಟಗೆ. ಚೆಂಡು ಆಟದಲ್ಲಿದೆ. ಸೃಷ್ಟಿ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟಳು. ಸರ್ ಬಾಯಲ್ಲಿ ಸೀಟಿ ಇದೆ, ಊದುತ್ತಿಲ್ಲ. ರೆಫರಿ, ಕೋಚ್ ಎಲ್ಲಾ ಅವರೇ. ಶಿಸ್ತಿಗೆ ಹೆಸರಾದ ಮನುಷ್ಯ. ಆಟದ ನಡುವೆ ಯಾರೂ ಒಳಗೆ ಬರಬಾರದೆಂದು ಅವ್ವನಿಗೆ ಬಹಳ ಮರ್ಯಾದೆಯಿಂದ ಹೇಳಿದರು.

"ಕೂಸಿನ ಹೊತ್ತಾತ್ರಿ ಸರ. ನಿಮ್ಮ ಚೆಂಡ ಇಲ್ಲೇ ಇರತದ, ಎಲ್ಲಿ ಹೋಗ್ತದ?"

ಸರ್ ಕೂಸನ್ನು ನೋಡಿದರು, ನನ್ನ ಜೆರ್ಸಿ ನೋಡಿ ಬೇಗ ಬೇರೆ ಕಡೆ ತಿರುಗಿದರು. ಸೀಟಿ ಊದಿದರು. ಹಾಫ್ ಟೈಮ್! ಇನ್ನೂ ಹತ್ತು ನಿಮಿಷ ಬಾಕಿ ಇತ್ತು, ಯಾರೂ ಕೇಳಲಿಲ್ಲ.

ಗೋಲಿನ ಹಿಂದೆ ಕೂತು ಹಾಲು ಕೊಟ್ಟೆ. ಗೋವಾದ ಹುಡುಗಿಯರು ನನ್ನ ಸುತ್ತ ಬೆನ್ನು ತಿರುಗಿಸಿ ನಿಂತರು, ಫ್ರೀ ಕಿಕ್ಕಿಗೆ ಗೋಡೆ ಕಟ್ಟಿದ ಹಾಗೆ. ಸೃಷ್ಟಿಯೂ ಬಂದು ನಿಂತಳು. ನನಗೆ ನಾಚಿಕೆ ಆಗುತ್ತದೆಂದುಕೊಂಡಿದ್ದೆ, ಆಗಲಿಲ್ಲ.

ಆಮೇಲೆ ಮೈ ಹಗುರ. ಸರ್ ನನ್ನನ್ನು ಹಿಂದಕ್ಕೆ, ಡಿಫೆನ್ಸಿಗೆ ಹಾಕಿದರು. ಅಲ್ಲಿ ಓಟ ಕಡಿಮೆ, ಮುಂದಾಗುವುದನ್ನು ಮೊದಲೇ ಕಾಣಬೇಕು. ಕಂಡಿತು. ಸೃಷ್ಟಿ ಬರುವ ಜಾಗಕ್ಕೆ ಅವಳಿಗಿಂತ ಮೊದಲೇ ಹೋಗಿ ನಿಂತೆ. ಎರಡನೇ ಅರ್ಧದಲ್ಲಿ ಒಂದೂ ಗೋಲು ಬಿಡಲಿಲ್ಲ.

2 ಸೆಪ್ಟೆಂಬರ್, ರಾತ್ರಿ 8

ಹೆಸರು ಬಂತು! ಡಿಫೆನ್ಸಿನಲ್ಲಿ. ನನ್ನ ಹಳೆಯ ಜಾಗ ಸೃಷ್ಟಿಗೆ. ಒಂದು ಗಳಿಗೆ ಚುಚ್ಚಿತು. ಐದು ವರ್ಷ ನಿಂತ ಜಾಗ ಅದು, ಚುಚ್ಚದೇ ಇರುತ್ತದೆಯೇ? ಓಟ ಕಡಿಮೆ ಆಗೇದ, ಕಣ್ಣು ಮೊದಲಿಗಿಂತ ಛಲೋ ಆಗೇದ ಎಂದರು ಸರ್. ಅವರ ಬಾಯಲ್ಲಿ ಇದು ಸನ್ಮಾನ ಮಾಡಿದಂತೆ.

ಆದರೆ ಗಣಪತಿ ಹಬ್ಬ ಮುಗಿದ ಕೂಡಲೇ ಗೋವಾ. ಏಪ್ರಿಲ್ ತನಕ ಅಲ್ಲೇ. ಬರುತ್ತೀಯೋ ಇಲ್ಲವೋ, ಬೆಳಿಗ್ಗೆ ಹೇಳು ಎಂದಿದ್ದಾರೆ.

ಮನೆಗೆ ಬಂದು ಲೆಕ್ಕ ಹಾಕಿದೆವು. ಮೈಲಾರಿ ಅಂಗಡಿ ಮುಚ್ಚಿ ಬರುತ್ತೇನೆ ಎಂದರು. ಆಗುವ ಮಾತಲ್ಲ, ಇಬ್ಬರಿಗೂ ಗೊತ್ತು. ಅತ್ತೆ ಇಲ್ಲ. ಪ್ರ್ಯಾಕ್ಟೀಸಿಗೆ ಹೋದಾಗ ಕೂಸನ್ನು ಯಾರ ಕೈಗೆ ಕೊಡುವುದು? ಅವ್ವನ ಐದು ತಿಂಗಳು ಅಕ್ಟೋಬರಿಗೆ ಮುಗಿಯುತ್ತದೆ. ಆಮೇಲೆ ಊರಲ್ಲಿ ಸುಗ್ಗಿ, ಎಮ್ಮೆ, ಅಪ್ಪನ ಊಟ. ಅವಳನ್ನು ಕೇಳುವುದೂ ತಪ್ಪು. ಬೇಡ, ಬಿಟ್ಟುಬಿಡೋಣ ಎಂದೆ. ಆಡಿದ್ದೇನಲ್ಲ, ಆಯ್ಕೆಯೂ ಆಯಿತಲ್ಲ, ಸಾಕು ಎಂದೆ.

ಅವ್ವ ಒಳಗಿನಿಂದ ಬಂದು ಚಪ್ಪಲಿ ಹಾಕಿಕೊಂಡಳು. ಫೋನ್ ಎಲ್ಲಿದೆ, ತೋರಿಸು ಎಂದಳು.

ಮೂಲೆಯ ಎಸ್‌ಟಿಡಿ ಬೂತ್. ಅವ್ವ ಈ ತನಕ ಫೋನ್ ಹಿಡಿದವಳಲ್ಲ. ಊರಲ್ಲಿ ಗೌಡರ ಮನೆಗೆ ಹಚ್ಚಿ, ಅಪ್ಪನನ್ನು ಕರೆಸಿದೆ. ಅಲ್ಲಿ ಹೇಳಿದರೆ ಮುಗದ ಪೂರ್ತಿ ಕೇಳಿಸಿಕೊಳ್ಳುತ್ತದೆ, ಗೊತ್ತಿದ್ದೂ ಅವ್ವ ದನಿ ತಗ್ಗಿಸಲಿಲ್ಲ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಕೇಳಾಕತ್ತೀರಿಲ್ರಿ? ನಿಮ್ಮ ಮಗಳು ಪಾಸಾಗ್ಯಾಳ. ನಾ ಆಕಿ ಕೂಡ ಗೋವಾಕ್ಕ ಹೊಂಟೇನಿ, ಆಟ ಮುಗಿಯೂತನ ಬರಂಗಿಲ್ಲ. ಈ ಸಲ ಭತ್ತ ನೀವ ಕೊಯ್ಸಿಕೋರಿ."

ಹೊರಗೆ ಬಂದಮೇಲೆ, ಅಪ್ಪ ಏನೆಂದ ಎಂದು ಕೇಳಿದೆ. ಏನೆನ್ನುತ್ತಾರೋ ಗೊತ್ತಿಲ್ಲ, ನಾನು ಇಟ್ಟುಬಿಟ್ಟೆ ಎಂದಳು.

ರಸ್ತೆಯಲ್ಲೇ ನಿಂತು ನಕ್ಕೆ. ನಗುತ್ತಾ ನಗುತ್ತಾ ಅತ್ತೂ ಬಿಟ್ಟೆ, ಬೂತಿನವ ನೋಡುತ್ತಿದ್ದ, ನೋಡಿಕೊಳ್ಳಲಿ. ದಾರಿಯುದ್ದಕ್ಕೂ ಅವ್ವನ ಕೈ ಬಿಡಲಿಲ್ಲ. ಗೋವಾದ ಮಂದಿಗೆ ಕನ್ನಡ ಬರುತ್ತದೋ ಎಂದು ಕೇಳಿದಳು. ಬರುವುದಿಲ್ಲ ಎಂದೆ.

"ಕಲೀತಾರ ಬಿಡು."

ಬೆಳಿಗ್ಗೆ ಮೊದಲು ಸರ್ ಮನೆಗೆ. ಬರುತ್ತೇನೆ ಸರ್ ಎನ್ನಬೇಕು. ಒಬ್ಬಳೇ ಅಲ್ಲ, ನಾವು ಮೂರೂ ಜನ, ಅವ್ವ, ಕೂಸು, ನಾನು.